ಭಾನುವಾರಕ್ಕೊಂದು ದೇಶ ಮಾಡುವ ಕುರಿತು ಪರಿಷ್ಕೃತ ಸೂಚನೆಗಳು

ಮನೆ ಆಡಳಿತ ಕಚೇರಿ
(ಅಡುಗೆಮನೆ ಶಾಖೆ)
ಮೂರನೇ ಮಹಡಿ, ಲಿಫ್ಟ್ ಪಕ್ಕದ ಬಾಗಿಲು

ಸಂಖ್ಯೆ: ಮಆಕ/ಭಾದೇ/12/ಪರಿಷ್ಕೃತ
ದಿನಾಂಕ: ಶನಿವಾರ, ಬಟ್ಟೆ ಒಗೆಯುವ ಯಂತ್ರದ ಎರಡನೇ ಸುತ್ತು

ಸುತ್ತೋಲೆ

ವಿಷಯ: ಪ್ರತಿ ಭಾನುವಾರ ಮನೆಯೊಳಗೆ ಒಂದು ದೇಶ ಮಾಡುವಾಗ ಅನುಸರಿಸಬೇಕಾದ ಕ್ರಮಗಳ ಬಗ್ಗೆ, ಹಾಗೂ ಈ ಕಚೇರಿಯು ಹನ್ನೊಂದು ವಾರಗಳಿಂದ ಹೇಳದೆ ಬಾಕಿ ಉಳಿಸಿಕೊಂಡಿರುವ ಒಂದು ವಾಕ್ಯದ ಬಗ್ಗೆ.

ಉಲ್ಲೇಖ:
(1) ಇಂದು ಬೆಳಿಗ್ಗೆ 6.40ಕ್ಕೆ ಅಟ್ಟದ ಮೇಲೆ ಸಿಡಿದ ಬಾಟಲಿ.
(2) ಕೆಳಗಿನ ಮನೆಯ ದರ್ಜಿಯವರು ಮೆಟ್ಟಿಲ ಮೇಲೆ ನಿಂತು ಸಲ್ಲಿಸಿದ ಮೌಖಿಕ ದೂರು (ಮೂರನೆಯದು).
(3) ಪೊರಕೆಗೆ ಕಟ್ಟಿದ್ದ ನೀಲಿ ಕಾಗದದ ಪಟ್ಟಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಮನೆಯ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಕಚೇರಿಯ ಮುಖ್ಯಸ್ಥರು ನಲ್ಲಿಯ ಕೆಳಗೆ ಶಾಲೆಯ ಅಂಗಿಯ ಕಾಲರು ಉಜ್ಜುತ್ತಿದ್ದಾಗ, ಉಲ್ಲೇಖ (1)ರ ಬಾಟಲಿಯು ಯಾವುದೇ ಪೂರ್ವಸೂಚನೆ ನೀಡದೆ ಸಿಡಿದಿರುತ್ತದೆ. ಅದರಲ್ಲಿ ಅನಾನಸಿನ ಸಿಪ್ಪೆ, ಬೆಲ್ಲ ಮತ್ತು ನೀರು ಇದ್ದು, ಭಾನುವಾರದ ಮೆಕ್ಸಿಕೊಗಾಗಿ ಹುಳಿಯಲು ಬಿಡಲಾಗಿತ್ತು. ಪತ್ರಿಕೆ ಓದುತ್ತಿದ್ದ ಅತ್ತೆಯವರು ಕನ್ನಡಕ ಒರೆಸಿಕೊಳ್ಳುತ್ತಾ "ಯುದ್ಧ ಶುರುವಾಯ್ತೇನೆ?" ಎಂದು ವಿಚಾರಿಸಿರುತ್ತಾರೆ. ಯುದ್ಧವಲ್ಲ, ಮೆಕ್ಸಿಕೊ ಎಂದು ಉತ್ತರಿಸಲಾಗಿದೆ. ಕಾಲರು ಇನ್ನೂ ಅರ್ಧ ಉಜ್ಜಿದ ಸ್ಥಿತಿಯಲ್ಲಿಯೇ ಇದೆ.

ಹೊಸಬರ ಮಾಹಿತಿಗಾಗಿ (ಮನೆಯಲ್ಲಿ ಹೊಸಬರಾರೂ ಇಲ್ಲ, ಆದರೂ ನಮೂದಿಸುವುದು ವಾಡಿಕೆ) ಈ ಕಾರ್ಯಕ್ರಮದ ವಿವರ ಹೀಗಿದೆ. ಭಾನುವಾರ ಒಂದು ದೇಶವನ್ನು ಆರಿಸುವುದು. ಅಲ್ಲಿನ ಒಂದು ಐತಿಹಾಸಿಕ ಸ್ಥಳದ ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುವುದು, ಅಥವಾ ಮನೆಯ ಸಾಮಾನಿನಲ್ಲೇ ಕಟ್ಟುವುದು. ಅಲ್ಲಿಯವರು ಮನೆಯಲ್ಲಿ ಮಾಡಿಕೊಳ್ಳುವ ಒಂದು ಪಾನೀಯವನ್ನು ನಮ್ಮ ಅಡುಗೆಮನೆಯಲ್ಲಿ ಮಾಡುವುದು. ಅಲ್ಲಿನ ಒಂದು ಹಬ್ಬವನ್ನು ಮಧ್ಯಾಹ್ನದ ಊಟದೊಳಗೆ ಮುಗಿಸುವುದು. ಮನೆಯ ಮಾತಿನಲ್ಲಿ ಇದಕ್ಕೆ 'ದೇಶ ಮಾಡುವುದು' ಎನ್ನಲಾಗುತ್ತದೆ. ಹೀಗೆ ಈವರೆಗೆ ಹನ್ನೊಂದು ದೇಶಗಳನ್ನು ಮಾಡಲಾಗಿದೆ. ಈ ಪೈಕಿ ಯಾವ ದೇಶಕ್ಕೂ ಕಚೇರಿಯವರು ಹೋದವರಲ್ಲ. ಮುಖ್ಯಸ್ಥರು ವಿಮಾನ ಕಂಡಿರುವುದು ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ, ಕೆಳಗಿನಿಂದ.

ಕಾರ್ಯಕ್ರಮದ ಉದ್ದೇಶವನ್ನು ಕಡತದಲ್ಲಿ 'ಮಗುವಿನ ಸಾಮಾನ್ಯ ಜ್ಞಾನ' ಎಂದು ನಮೂದಿಸಲಾಗಿದೆ. ಅದು ಸುಳ್ಳು ನಮೂದಾಗಿರುತ್ತದೆ. ನಿಜ ಸಂಗತಿ ಏನೆಂದರೆ, ದೂರದ ದೇಶವೊಂದರಲ್ಲಿರುವ ಮುಖ್ಯಸ್ಥರ ತಂಗಿಗೆ ಮುಂದಿನ ತಿಂಗಳು ಹೆರಿಗೆ. ಅಲ್ಲಿ ಅವಳಿಗೆ ಬಿಸಿನೀರು ಕಾಯಿಸಿಕೊಡುವವರೂ ಇಲ್ಲ. ಆದ್ದರಿಂದ ಮುಖ್ಯಸ್ಥರು ತೊಂಬತ್ತು ದಿನಗಳ ನಿಯೋಜನೆಯ ಮೇಲೆ ಅಲ್ಲಿಗೆ ಹೊರಡಬೇಕಾಗಿದೆ. ಇದನ್ನು ಮನೆಯ ಅತ್ಯಂತ ಕಿರಿಯ ಸಿಬ್ಬಂದಿಗೆ, ಎಂಟು ವರ್ಷದ ಮಗಳಿಗೆ ಹೇಳಬೇಕಾಗಿತ್ತು. (ಎರಡನೇ ವಯಸ್ಸಿನಲ್ಲಿ ಲಿಫ್ಟಿನ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ, ಹದಿನಾಲ್ಕು ಜನರನ್ನು ಮಹಡಿ ಮಹಡಿಯಲ್ಲೂ ನಿಲ್ಲಿಸಿದ್ದರಿಂದ ಇವರನ್ನು 'ಬಟನ್' ಎಂದು ಕರೆಯಲಾಗುತ್ತದೆ.) ಹೇಳಬೇಕಾದ ವಾಕ್ಯದಲ್ಲಿ ಹನ್ನೊಂದು ಪದಗಳಿವೆ. ಈ ಕಚೇರಿಯು ಅದನ್ನು ಹೇಳುವ ಬದಲು, ಪದಕ್ಕೊಂದರಂತೆ ಹನ್ನೊಂದು ದೇಶಗಳನ್ನು ಮಾಡಿದೆ. ಪ್ರಪಂಚ ಚಿಕ್ಕದು, ಎಲ್ಲ ದೇಶಗಳೂ ಅಡುಗೆಮನೆಯಷ್ಟೇ ಹತ್ತಿರ ಎಂದು ಮಗುವಿಗೆ ಮೊದಲು ಅಭ್ಯಾಸವಾಗಲಿ, ಆಮೇಲೆ ಹೇಳಿದರಾಯಿತು ಎಂಬುದು ಕಚೇರಿಯ ಅಂದಾಜಾಗಿತ್ತು.

(ಈ ಹಂತದಲ್ಲಿ ಹಾಲು ಉಕ್ಕಿದ್ದರಿಂದ ಸುತ್ತೋಲೆಯನ್ನು ಎಂಟು ನಿಮಿಷ ತಡೆಹಿಡಿಯಲಾಗಿತ್ತು.)

ಆದುದರಿಂದ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದ್ದು, ಸಂಬಂಧಪಟ್ಟವರೆಲ್ಲರೂ ತಪ್ಪದೆ ಪಾಲಿಸತಕ್ಕದ್ದು.

1. ಪಾನೀಯಗಳು. ಹುಳಿಯುವ ಯಾವುದೇ ಪಾನೀಯದ ಮುಚ್ಚಳವನ್ನು ಬಿಗಿಯಾಗಿ ತಿರುಗಿಸುವುದನ್ನು ಈ ಮೂಲಕ ನಿಷೇಧಿಸಲಾಗಿದೆ. ದಿನಕ್ಕೊಮ್ಮೆ ಅದಕ್ಕೆ ಉಸಿರು ಬಿಡಲು ಅವಕಾಶ ಮಾಡಿಕೊಡತಕ್ಕದ್ದು. ಒಳಗೇ ಇಟ್ಟುಕೊಂಡರೆ ಏನಾಗುತ್ತದೆ ಎಂಬುದನ್ನು ಅಟ್ಟದ ಗೋಡೆಯ ಮೇಲೆ ನೋಡಬಹುದು. ಬಾಟಲಿಯನ್ನು ಅಟ್ಟದಲ್ಲಿಟ್ಟು ಐದು ದಿನ ಮರೆತವರು ಯಾರು ಎಂಬ ಬಗ್ಗೆ ವಿಚಾರಣೆ ನಡೆಸಲಾಯಿತು. ಇಟ್ಟವರೂ ಮರೆತವರೂ ವಿಚಾರಣಾಧಿಕಾರಿಯೇ ಆಗಿರುವುದು ಕಂಡುಬಂದಿದ್ದರಿಂದ ಪ್ರಕರಣವನ್ನು ಗೌರವಪೂರ್ವಕವಾಗಿ ಮುಕ್ತಾಯಗೊಳಿಸಲಾಗಿದೆ.

2. ಪಾನೀಯಗಳ ಬಗ್ಗೆ ಹಿರಿಯ ಸಿಬ್ಬಂದಿಯ ಟೀಕೆ. ಟರ್ಕಿ ಮಾಡಿದ ಭಾನುವಾರ ಅಲ್ಲಿನ ಐರಾನ್ ಎಂಬ ಪಾನೀಯವನ್ನು ಎತ್ತರದ ಗಾಜಿನ ಲೋಟಗಳಲ್ಲಿ ಗಾಂಭೀರ್ಯದಿಂದ ಹಂಚಲಾಗಿತ್ತು. ಅತ್ತೆಯವರು ಒಂದು ಗುಟುಕು ಕುಡಿದು ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಮೊಸರಿಗೆ ನೀರು ಸುರಿದು ಉಪ್ಪು ಹಾಕೋಕೆ ಟರ್ಕಿವರೆಗೂ ಹೋಗಬೇಕಿತ್ತೇನೆ? ನನ್ನ ಕೇಳಿದ್ರೆ ನಾನೇ ಹೇಳ್ತಿರ್ಲಿಲ್ವಾ?" ಇನ್ನು ಮುಂದೆ ಲೋಟ ಖಾಲಿಯಾಗುವವರೆಗೆ ಯಾವುದೇ ದೇಶವನ್ನು ಅವಮಾನಿಸುವಂತಿಲ್ಲ. ಖಾಲಿಯಾದ ಮೇಲೆ ಅವಮಾನಿಸಬಹುದು. ಹಳೇ ಬ್ರೆಡ್ಡು ನೆನೆಸಿ ಮಾಡಿದ ರಷ್ಯಾದ ಪಾನೀಯಕ್ಕೆ ಮಾತ್ರ ಈ ನಿಯಮದಿಂದ ವಿನಾಯಿತಿ ಇದೆ. ಅದನ್ನು ಕುಡಿದ ನಂತರ ಯಾರಿಗೂ ಮಾತೇ ಬಂದಿರುವುದಿಲ್ಲ.

3. ಹಬ್ಬಗಳು.

(ಅ) ಥಾಯ್ಲೆಂಡಿನ ಹೊಸ ವರ್ಷದಂದು ಒಬ್ಬರ ಮೇಲೊಬ್ಬರು ನೀರೆರಚುವುದು ಪದ್ಧತಿ. ನಮ್ಮ ಬಾಲ್ಕನಿಯಲ್ಲಿ ಇದನ್ನು ಆಚರಿಸಿದಾಗ, ಕೆಳಗೆ ದರ್ಜಿಯವರು ಇಸ್ತ್ರಿ ಮಾಡಿ ನೇತುಹಾಕಿದ್ದ ಮೂರು ಪ್ಯಾಂಟುಗಳೂ ಹೊಸ ವರ್ಷ ಆಚರಿಸಿರುತ್ತವೆ. ಅವರು ಬಹಳ ಸಭ್ಯರು. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಮೆಟ್ಟಿಲಿನಿಂದಲೇ ಕೂಗಿ ಕೇಳುತ್ತಾರೆ: "ಅಕ್ಕಾವ್ರೇ, ನಾಡಿದ್ದು ಒದ್ದೆ ದೇಶಾನಾ, ಒಣ ದೇಶಾನಾ?" ಆದ್ದರಿಂದ ಶುಕ್ರವಾರ ಐದು ಗಂಟೆಯೊಳಗೆ ದೇಶದ ತೇವಾಂಶವನ್ನು ಘೋಷಿಸತಕ್ಕದ್ದು. ಇಂದು ಬೆಳಿಗ್ಗೆ ಛಾವಣಿಯಿಂದ ಅನಾನಸು ಸೋರಿದ್ದನ್ನು ಅವರು "ಒಣ ದೇಶ ಅಂದಿದ್ರಿ" ಎಂಬ ಎರಡೇ ಪದಗಳ ಪೀಠಿಕೆಯೊಂದಿಗೆ ಗಮನಕ್ಕೆ ತಂದಿರುತ್ತಾರೆ. ಅವು ಮೂರು ಪದಗಳೆಂದು ಬಟನ್ ಅವರು ತಿದ್ದಿರುತ್ತಾರೆ.

(ಆ) ಸ್ಪೇನಿನ ಒಂದು ಊರಿನವರು ಲಾರಿಗಟ್ಟಲೆ ಟೊಮೆಟೊ ತಂದು ಪರಸ್ಪರ ಎಸೆದಾಡುತ್ತಾರೆ. ಈ ಕಚೇರಿಯು ಮೂರು ಟೊಮೆಟೊ ಮಂಜೂರು ಮಾಡಿತ್ತು, ಸ್ಥಳ ಬಚ್ಚಲುಮನೆ. ಮೊದಲನೆಯದನ್ನು ಎಸೆಯುವ ಮುನ್ನವೇ ಅತ್ತೆಯವರು ಮೂರನ್ನೂ ಜಪ್ತಿ ಮಾಡಿ ಸಾರಿಗೆ ಹೆಚ್ಚಿರುತ್ತಾರೆ. ಹಬ್ಬವನ್ನು ಕೈಸನ್ನೆಯಲ್ಲಿ ಪೂರೈಸಲಾಯಿತು.

(ಇ) ಟರ್ಕಿಯ ಸಾಂಪ್ರದಾಯಿಕ ಎಣ್ಣೆ ಕುಸ್ತಿಗೆ ಬೇಕಾದ ಎಣ್ಣೆಯನ್ನು ಅಡುಗೆಮನೆಯಿಂದ ನೀಡುವುದಿಲ್ಲ. ಯಜಮಾನರು ಲಿಫ್ಟ್ ರಿಪೇರಿ ಕೆಲಸದಿಂದ ಮೊಣಕೈವರೆಗೆ ಗ್ರೀಸ್ ಹಚ್ಚಿಕೊಂಡೇ ಬರುವುದರಿಂದ, ಅವರನ್ನು ಬಾಗಿಲಲ್ಲೇ ನೇರವಾಗಿ ಕಣಕ್ಕಿಳಿಸತಕ್ಕದ್ದು. ಹಿಂದಿನ ಪಂದ್ಯದಲ್ಲಿ ಗೆದ್ದವರು ಬಟನ್. ಸೋತದ್ದು ಸೋಫಾದ ಹೊದಿಕೆ.

(ಈ) ಸ್ವೀಡನ್ನಿನ ನಡುಬೇಸಿಗೆಯ ಹಬ್ಬದಲ್ಲಿ ಕಂಬದ ಸುತ್ತ ಕಪ್ಪೆಯಂತೆ ಕುಪ್ಪಳಿಸುವಾಗ ಒಬ್ಬರಿಗೆ ಒಂದೇ ಸುತ್ತು. ತೂಕ ಎಂಬತ್ತು ಕಿಲೋ ಮೀರಿದ ಕಪ್ಪೆಗಳು ಕುಳಿತೇ ಹಾಡತಕ್ಕದ್ದು. ಇದರಿಂದ ಬಾಧಿತರಾಗುವ ಏಕೈಕ ಕಪ್ಪೆ ಯಜಮಾನರು.

4. ಐತಿಹಾಸಿಕ ಸ್ಥಳಗಳು. ದಿಂಬುಗಳಿಂದ ಪಿರಮಿಡ್ ಕಟ್ಟಬಹುದು. ಅದರೊಳಗೆ ಅತ್ತೆಯವರ ಔಷಧಿ ಡಬ್ಬಿ ಇಟ್ಟು ಮುಚ್ಚುವಂತಿಲ್ಲ. ಇಟಲಿಯ ವಾಲುವ ಗೋಪುರವನ್ನು ಸ್ಟೀಲ್ ಡಬ್ಬಿಗಳಿಂದ ಕಟ್ಟಿದಲ್ಲಿ ಅದು ವಾಲತಕ್ಕದ್ದೇ ಹೊರತು ಬೀಳತಕ್ಕದ್ದಲ್ಲ. ಆದರೆ ಈ ಕಲಮಿನ ಮುಖ್ಯ ವಿಷಯ ಚೀನಾದ ಮಹಾಗೋಡೆಯಾಗಿದ್ದು, ಅದನ್ನು ಸ್ವಲ್ಪ ವಿವರವಾಗಿ ದಾಖಲಿಸುವುದು ಅನಿವಾರ್ಯವಾಗಿದೆ.

ಏಳನೇ ಭಾನುವಾರ ಮನೆಯ ಅಷ್ಟೂ ಚಪ್ಪಲಿ, ಶೂಗಳನ್ನು ಬಳಸಿ ಬಾಗಿಲಿನಿಂದ ಲಿಫ್ಟಿನವರೆಗೆ ಮಹಾಗೋಡೆಯನ್ನು ಕಟ್ಟಲಾಗಿತ್ತು. ಐತಿಹಾಸಿಕ ರಚನೆಯಾದ್ದರಿಂದ ಸೋಮವಾರವೂ ಕೆಡವಲು ಮನಸ್ಸು ಬರಲಿಲ್ಲ. ಅಂದು ಬಂದ ಕೊರಿಯರ್‌ನವರು ಗೋಡೆ ದಾಟಲಾಗದೆ ಹಿಂದಿರುಗಿದ್ದಾರೆ. ಗೋಡೆಯ ಮೂಲ ಉದ್ದೇಶ ಈಡೇರಿತೆಂದು ಕಚೇರಿಯು ಆ ಹೊತ್ತಿಗೆ ನಕ್ಕಿತ್ತು. ಅವರು ಮರುದಿನ ಮಧ್ಯಾಹ್ನ ಮತ್ತೆ ಬಂದರು. ಆಗ ಮುಖ್ಯಸ್ಥರು ತಮ್ಮ ಹಗಲಿನ ನೌಕರಿಯಲ್ಲಿ, ಅಂದರೆ ಬೇರೊಂದು ಕಚೇರಿಯಲ್ಲಿ ಬೇರೆಯವರ ಸಹಿಗಾಗಿ ಸುತ್ತೋಲೆಗಳನ್ನು ಟೈಪ್ ಮಾಡುತ್ತಿದ್ದರು. ಅತ್ತೆಯವರು ಮಲಗಿದ್ದರು. ಶಾಲೆಯಿಂದ ಆಗ ತಾನೇ ಬಂದಿದ್ದ ಬಟನ್, ಬಾಗಿಲು ತೆರೆದು, 'ಬಟನ್' ಎಂದು ಸಹಿ ಮಾಡಿ, ಟಿಕೆಟ್ ಏಜೆಂಟರ ಲಕೋಟೆಯನ್ನು ಸ್ವೀಕರಿಸಿದರು. ಲಕೋಟೆಯ ಮೂಲೆಯಲ್ಲಿ ವಿಮಾನದ ಚಿತ್ರವಿತ್ತು. ಹೊರಗೆ ಒಂದೇ ಹೆಸರಿತ್ತು, ಮುಖ್ಯಸ್ಥರದು.

ಅದನ್ನು ಅವರು ತೆರೆಯಲಿಲ್ಲ. ಯಾರಿಗೂ ತೋರಿಸಲಿಲ್ಲ. ಮುಖ್ಯಸ್ಥರ ದಿಂಬಿನ ಕೆಳಗಿಟ್ಟು, ಹೊರಗೆ ಹೋಗಿ ಮಹಾಗೋಡೆಯನ್ನು ಒಬ್ಬರೇ ಕೆಡವಿ, ಚಪ್ಪಲಿಗಳನ್ನೆಲ್ಲ ಜೋಡಿ ಜೋಡಿಯಾಗಿ ಗೂಡಿನಲ್ಲಿಟ್ಟರು. ಸಂಜೆ ಬಂದ ಮುಖ್ಯಸ್ಥರು "ಅಬ್ಬಾ, ನನ್ನ ಬಂಗಾರ ಎಷ್ಟು ಜಾಣೆ!" ಎಂದು ಶ್ಲಾಘಿಸಿ, ಲಕೋಟೆಯನ್ನು ಯಜಮಾನರು ಇಟ್ಟಿರಬೇಕೆಂದು ಭಾವಿಸಿ, ಮುಂದಿನ ವಾರದ ದೇಶದ ತಯಾರಿಗೆ ತೊಡಗಿದರು. ಲಕೋಟೆಗೆ ಅಂಟಿದ್ದ ರಸೀದಿಯಲ್ಲಿನ ಆ ಸಹಿಯನ್ನು ಕಚೇರಿಯು ನಿನ್ನೆ ರಾತ್ರಿಯಷ್ಟೇ ಗಮನಿಸಿದೆ. ಈ ನಡವಳಿಕೆಯನ್ನು ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಿಂದ ನಮೂದಿಸಲಾಗಿದೆ. ಬಟನ್ ಅವರದಲ್ಲ, ಮುಖ್ಯಸ್ಥರದು.

5. ನೀಲಿ ಪಟ್ಟಿ. ಒಂಬತ್ತನೇ ಭಾನುವಾರ ಜಪಾನ್ ಮಾಡಲಾಯಿತು. ಹುರಿದ ಬಾರ್ಲಿಯ ಚಹಾ ಎಲ್ಲರಿಗೂ ಹಿಡಿಸಿತು. ಅಲ್ಲಿನ ನಕ್ಷತ್ರಗಳ ಹಬ್ಬದಲ್ಲಿ ಆಸೆಗಳನ್ನು ಬಣ್ಣದ ಕಾಗದದ ಪಟ್ಟಿಗಳ ಮೇಲೆ ಬರೆದು ಬಿದಿರಿಗೆ ಕಟ್ಟುತ್ತಾರೆ. ಬಿದಿರು ಲಭ್ಯವಿಲ್ಲದ್ದರಿಂದ ಪೊರಕೆಯನ್ನು ತಲೆಕೆಳಗಾಗಿ ನಿಲ್ಲಿಸಲಾಯಿತು. ಯಜಮಾನರು "ಕಪ್ಪೆ ಕೆಲಸ ಬೇಡ" ಎಂದೂ, ಅತ್ತೆಯವರು "ಟೊಮೆಟೊ ಎಸೆಯದಂತೆ ಬುದ್ಧಿ ಬರಲಿ" ಎಂದೂ, ಮುಖ್ಯಸ್ಥರು ಲೋಕಕ್ಕೆ ಒಳಿತಾಗಲಿ ಎಂಬ ಅರ್ಥದ ಏನನ್ನೋ ಬರೆದರು. ಬಟನ್ ತಮ್ಮ ನೀಲಿ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಟು ಹಾಕಿ ಕಟ್ಟಿದರು.

ಸೋಮವಾರ ಗುಡಿಸಬೇಕಾಗಿದ್ದರಿಂದ ಪಟ್ಟಿಗಳನ್ನು ಬಿಚ್ಚಿ ಎತ್ತಿಡಲಾಯಿತು. ಬೇರೊಬ್ಬರ ಆಸೆಯನ್ನು ಓದುವ ಅಧಿಕಾರ ಈ ಕಚೇರಿಗೆ ಇರುವುದಿಲ್ಲ. ಹದಿನೆಂಟು ದಿನ ಅದನ್ನು ಪಾಲಿಸಲಾಯಿತು. ನಿನ್ನೆ ಸಂಜೆ, ಅನ್ನಕ್ಕಿಟ್ಟ ನೀರು ಕುದಿಯುತ್ತಿದ್ದಾಗ, ಅದರ ಆವಿಗೆ ಹಿಡಿದು ಅಂಟನ್ನು ಬಿಡಿಸಲಾಯಿತು. ಅಧಿಕಾರ ಮೀರಿದ ಈ ಕೃತ್ಯಕ್ಕೆ ಕಚೇರಿಯು ತನಗೆ ತಾನೇ ಕಾರಣ ಕೇಳುವ ನೋಟಿಸ್ ಜಾರಿ ಮಾಡಿಕೊಂಡಿದೆ. ಪಟ್ಟಿಯಲ್ಲಿ ಇದ್ದದ್ದು ಇಷ್ಟೇ: "ಅಮ್ಮ ತಾನೇ ಹೇಳಲಿ."

ಅನ್ನ ತಳ ಹಿಡಿದದ್ದಕ್ಕೆ ಕಾರಣ ಇದು. ಅಕ್ಕಿ ಹಳೆಯದು ಎಂದು ಊಟದ ವೇಳೆ ನೀಡಿದ್ದ ವಿವರಣೆಯನ್ನು ಈ ಮೂಲಕ ಹಿಂಪಡೆಯಲಾಗಿದೆ.

6. ಮೇಲಿನ ಅಂಶಗಳ ಹಿನ್ನೆಲೆಯಲ್ಲಿ ಹಳೆಯ ಕಡತಗಳನ್ನು ಮರುಪರಿಶೀಲಿಸಲಾಗಿ, ಕಳೆದ ಐದು ವಾರಗಳಲ್ಲಿ ಬಟನ್ ಅವರು "ಅಮ್ಮಾ, ಒಂದ್ ಕೇಳ್ಲಾ?" ಎಂದು ಕನಿಷ್ಠ ಆರು ಬಾರಿ ಆರಂಭಿಸಿರುವುದು ಬೆಳಕಿಗೆ ಬಂದಿದೆ. ಈರುಳ್ಳಿ ಹೆಚ್ಚುವಾಗ ಕೇಳಿದಾಗ, ಪೆರುವಿನ ಬೆಟ್ಟದ ಮೇಲಿನ ಆ ಹಳೇ ಊರಿನ ಕಲ್ಲುಗಳ ನಡುವೆ ಗಾರೆಯೇ ಇಲ್ಲ ಗೊತ್ತಾ ಎಂದು ಉತ್ತರಿಸಲಾಗಿದೆ. ಜಡೆ ಹಾಕುವಾಗ ಕೇಳಿದಾಗ, ತಲೆ ಅಲ್ಲಾಡಿಸಬೇಡ ಎನ್ನಲಾಗಿದೆ. ಸ್ನಾನದ ಹೊತ್ತಿನಲ್ಲಿ, ಈಜಿಪ್ಟಿನವರು ವಸಂತದ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಚ್ಚುತ್ತಾರೆ ಎನ್ನಲಾಗಿದೆ. ಮಗು ಪ್ರತಿ ಸಲವೂ "ಹೂಂ" ಎಂದು ಹೊರಟುಹೋಗಿದೆ. ಆ ಹೂಂಗಳನ್ನು ಕಚೇರಿಯು ಆಸಕ್ತಿ ಎಂದು ಲೆಕ್ಕ ಹಾಕಿತ್ತು.

ಈ ಬಗ್ಗೆ ಇಬ್ಬರು ಸಾಕ್ಷಿಗಳ ಹೇಳಿಕೆ ಪಡೆಯಲಾಗಿದೆ. ಯಜಮಾನರು, ಬೂಟಿನ ದಾರ ಕಟ್ಟುತ್ತಾ: "ನಾನು ಮೊದಲನೇ ವಾರಾನೇ ಅಂದೆ. ನೀನು ಹೇಳ್ತೀಯೋ ನಾನು ಹೇಳ್ಲೋ ಅಂತ. ನೀನು, 'ರೀ, ಇರ್ರೀ, ಮೊದಲು ಗ್ರೀಸ್ ದೇಶ ಮುಗೀಲಿ' ಅಂದೆ." ಅತ್ತೆಯವರು, ಛಾವಣಿಯಿಂದ ತೊಟ್ಟಿಕ್ಕುವ ಮೆಕ್ಸಿಕೊಗೆ ಪಾತ್ರೆ ಇಡುತ್ತಾ: "ಭೂಮಿ ಮೇಲಿನ ದೇಶ ಎಲ್ಲಾ ಮಾಡಿದೆ, ಅವಳ ಚಿಕ್ಕಮ್ಮ ಇರೋ ದೇಶ ಒಂದು ಬಿಟ್ಟು. ಮಗು ಎಣಿಸೋದಿಲ್ವೇನೆ? ನಮ್ಮನೇಲಿ ದಡ್ಡಿ ಯಾರು ಅಂತ ನಾನು ಹೇಳಲ್ಲ. ಹೋಗು, ಹೇಳು. ಪಾತ್ರೆ ನಾನು ನೋಡ್ಕೋತೀನಿ." ಎರಡೂ ಹೇಳಿಕೆಗಳನ್ನು ಆಕ್ಷೇಪಣೆಯಿಲ್ಲದೆ ಒಪ್ಪಲಾಗಿದೆ.

7. ಬಾಕಿ ವಾಕ್ಯ. ಬಾಕಿ ಉಳಿದಿದ್ದ ವಾಕ್ಯವನ್ನು ಈ ಮೂಲಕ ಅಧಿಕೃತವಾಗಿ ಬಿಡುಗಡೆ ಮಾಡಲಾಗಿದೆ:

ಅಮ್ಮ ಮುಂದಿನ ತಿಂಗಳು ಚಿಕ್ಕಮ್ಮನ ಮನೆಗೆ ಹೋಗಿ, ಮೂರು ತಿಂಗಳು ಇದ್ದು, ವಾಪಸ್ ಬರುತ್ತಾಳೆ.

ಇದರಲ್ಲಿನ ಕೊನೆಯ ಎರಡು ಪದಗಳಿಗೆ ಯಾವುದೇ ಷರತ್ತು ಅನ್ವಯಿಸುವುದಿಲ್ಲ.

(ಯಂತ್ರ ನಿಂತಿದೆ. ಬಟ್ಟೆ ಒಣಹಾಕಿ ಬಂದು ಮುಂದುವರಿಸಲಾಗಿದೆ.)

8. ಪ್ರಭಾರ ವ್ಯವಸ್ಥೆ. ನಿಯೋಜನೆಯ ಅವಧಿಯಲ್ಲಿ ಜಡೆಯ ಪ್ರಭಾರವನ್ನು ಯಜಮಾನರಿಗೆ ವಹಿಸಲಾಗಿದೆ. ಬುಧವಾರ ನಡೆದ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರು ಲಿಫ್ಟಿನ ಹಗ್ಗಕ್ಕೆ ಹಾಕುವ ಬಿಗಿಯನ್ನೇ ಹಾಕಿದ್ದರಿಂದ, ಬಟನ್ ಇಡೀ ದಿನ ಶಾಲೆಯಲ್ಲಿ ಹುಬ್ಬೇರಿಸಿಕೊಂಡೇ ಇರಬೇಕಾಯಿತು. 'ಪಾಠ ಇಷ್ಟು ಆಶ್ಚರ್ಯದಿಂದ ಕೇಳುವ ಮಗು ಇನ್ನೊಂದಿಲ್ಲ' ಎಂದು ಟೀಚರು ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಜಡೆಯು ಆರು ಜನರ ಭಾರ ತಡೆಯುವ ಅಗತ್ಯವಿಲ್ಲ ಎಂದು ಯಜಮಾನರಿಗೆ ಸ್ಪಷ್ಟಪಡಿಸಲಾಗಿದೆ.

9. ದೂರವಾಣಿ. ಪ್ರತಿದಿನ ಒಂದು ವಿಡಿಯೊ ಕರೆ ಇರತಕ್ಕದ್ದು. ಅತ್ತೆಯವರು ಹಣೆಯನ್ನು ಮಾತ್ರ ತೋರಿಸುವ ಈಗಿನ ಪದ್ಧತಿಯನ್ನು ಕೈಬಿಟ್ಟು, ಬಾಯಿ ಕಾಣುವಷ್ಟಾದರೂ ಫೋನನ್ನು ಕೆಳಗಿಳಿಸತಕ್ಕದ್ದು. ಕರೆಯಲ್ಲಿ "ಎಲ್ಲಾ ಚೆನ್ನಾಗಿದೀವಿ" ಎಂಬ ವರದಿಯನ್ನು ಸ್ವೀಕರಿಸಲಾಗುವುದಿಲ್ಲ. ಯಾರ ಮೊಣಕಾಲು ತರಚಿದೆ, ಯಾರು ಯಾರ ಜೊತೆ ಟೂ ಬಿಟ್ಟಿದ್ದಾರೆ, ಯಾವ ಹಲ್ಲು ಅಲ್ಲಾಡುತ್ತಿದೆ ಎಂಬ ವಿವರಗಳೊಂದಿಗೆ ಮಾತ್ರ ವರದಿ ಸಲ್ಲಿಸತಕ್ಕದ್ದು. ಮುಖ್ಯಸ್ಥರ ಅನುಪಸ್ಥಿತಿಯಲ್ಲಿ ಬೀಳುವ ಹಲ್ಲನ್ನು ಬೆಂಕಿಪೊಟ್ಟಣದಲ್ಲಿ ಕಾದಿರಿಸತಕ್ಕದ್ದು.

10. ಅಳು. ಯಾವುದೇ ಸಿಬ್ಬಂದಿ, ಯಾವುದೇ ವೇಳೆಯಲ್ಲಿ, ಪೂರ್ವಾನುಮತಿ ಇಲ್ಲದೆ ಅಳಬಹುದು. ಮುಖ್ಯಸ್ಥರು ಮಾತ್ರ ಈರುಳ್ಳಿ ಹೆಚ್ಚುವ ಅವಧಿಯಲ್ಲಷ್ಟೇ ಅಳತಕ್ಕದ್ದು. ಇತ್ತೀಚೆಗೆ ಮನೆಯಲ್ಲಿ ಈರುಳ್ಳಿ ಬಳಕೆ ಏಕೆ ಇಮ್ಮಡಿಯಾಗಿದೆ ಎಂದು ಅತ್ತೆಯವರು ಎತ್ತಿದ್ದ ಪ್ರಶ್ನೆಗೆ ಇದನ್ನೇ ಉತ್ತರವೆಂದು ಪರಿಗಣಿಸತಕ್ಕದ್ದು.

11. ಪ್ರಶ್ನೆಗಳು. ಇನ್ನು ಮುಂದೆ "ಅಮ್ಮಾ, ಒಂದ್ ಕೇಳ್ಲಾ?" ಎಂಬ ಮಾತು ಕಿವಿಗೆ ಬಿದ್ದ ಕೂಡಲೇ, ಮುಖ್ಯಸ್ಥರು ಕೈಯಲ್ಲಿರುವ ಸೌಟು, ಸೋಪು, ಪೊರಕೆ ಅಥವಾ ದೇಶವನ್ನು ಅಲ್ಲಿಯೇ ಕೆಳಗಿಟ್ಟು, ನೆಲದ ಮೇಲೆ ಮಗುವಿನ ಎತ್ತರಕ್ಕೆ ಕೂರತಕ್ಕದ್ದು. ಯಾವುದೇ ಐತಿಹಾಸಿಕ ಸ್ಥಳವನ್ನು ಉತ್ತರವಾಗಿ ಬಳಸುವುದನ್ನು ಸಂಪೂರ್ಣವಾಗಿ ನಿಷೇಧಿಸಲಾಗಿದೆ.

12. ದಂಡನೆ. ಈ ಸೂಚನೆಗಳನ್ನು ಉಲ್ಲಂಘಿಸಿದವರು ರಷ್ಯಾದ ಪಾನೀಯದ ಉಳಿಕೆಯನ್ನು ಕುಡಿಯತಕ್ಕದ್ದು. ಅದು ಇನ್ನೂ ಇದೆ. ಅದನ್ನು ಎಸೆಯುವ ಧೈರ್ಯ ಯಾರಿಗೂ ಬಂದಿರುವುದಿಲ್ಲ.

ಸಹಿ/-
(ಅಮ್ಮ)
ಮುಖ್ಯಸ್ಥರು, ಮನೆ ಆಡಳಿತ ಕಚೇರಿ
(ಮೊದಲ ಬಾರಿಗೆ ತಾವು ಬರೆದ ಸುತ್ತೋಲೆಗೆ ತಾವೇ ಸಹಿ ಮಾಡಿರುತ್ತಾರೆ)

ಪ್ರತಿಗಳು:
1. ಯಜಮಾನರಿಗೆ, ಕಲಮು 8ರ ಬಗ್ಗೆ ವಿಶೇಷ ಗಮನಕ್ಕಾಗಿ. ಬಾಚಣಿಗೆ ಲಗತ್ತಿಸಿದೆ.
2. ಅತ್ತೆಯವರಿಗೆ, ಗೌರವಪೂರ್ವಕವಾಗಿ. ಕನ್ನಡಕ ಒರೆಸಿ ಲಗತ್ತಿಸಿದೆ.
3. ಕೆಳಗಿನ ಮನೆಯ ದರ್ಜಿಯವರಿಗೆ, ಮಾಹಿತಿಗಾಗಿ. ಮುಂದಿನ ತಿಂಗಳಿನಿಂದ ಮೂರು ತಿಂಗಳು ಬಹುತೇಕ ಒಣ ದೇಶಗಳಿರುತ್ತವೆ.
4. ತಂಗಿಗೆ, ಬಿಸಿನೀರಿನ ಪಾತ್ರೆ ದೊಡ್ಡದೇ ಕೊಂಡಿಡುವ ಸೂಚನೆಯೊಂದಿಗೆ.
5. ಇನ್ನೂ ಹುಟ್ಟದ ಮಗುವಿಗೆ, ಅಕ್ಕ ಒಬ್ಬಳು ತನ್ನ ಅಮ್ಮನನ್ನು ಎರವಲು ಕೊಟ್ಟಿರುವ ಸಂಗತಿ ತಿಳಿದಿರಲೆಂದು.
6. ಫ್ರಿಜ್ಜಿನ ಬಾಗಿಲಿಗೆ.
7. ಬಟನ್ ಅವರಿಗೆ, ಖುದ್ದಾಗಿ, ಓದಿ ಹೇಳಿ ತಲುಪಿಸತಕ್ಕದ್ದು.

ಸ್ವೀಕೃತಿ:
ಕ್ರಮ ಸಂಖ್ಯೆ 7ರ ಪ್ರತಿಯನ್ನು ಇಂದು ಬೆಳಿಗ್ಗೆ 9.15ಕ್ಕೆ ಅಡುಗೆಮನೆಯ ನೆಲದ ಮೇಲೆ ಕುಳಿತು ಓದಿ ಹೇಳಲಾಯಿತು. ಬಟನ್ ಅವರು ಕಪ್ಪೆಯ ಜಾಗದಲ್ಲಿ ನಕ್ಕರು. ನೀಲಿ ಪಟ್ಟಿಯ ಜಾಗದಲ್ಲಿ "ನೀನು ಅದನ್ನ ಓದ್ಬಾರ್ದಿತ್ತು" ಎಂದರು. ಕಲಮು 7ನ್ನು ಎರಡು ಸಲ ಓದಿಸಿದರು. ಸಹಿ ಮಾಡಲು ಪೆನ್ನು ಕೊಟ್ಟಾಗ ತೆಗೆದುಕೊಳ್ಳದೆ, ಮುಖ್ಯಸ್ಥರ ಒದ್ದೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಈ ಕೆಳಕಂಡಂತೆ ಕೇಳಿರುತ್ತಾರೆ:

"ಅಮ್ಮಾ, ಅಲ್ಲಿಗೆ ಹೋದ್ಮೇಲೆ, ಒಂದ್ ಭಾನುವಾರ ನಮ್ಮನೆ ಮಾಡ್ತೀಯಾ?"